ಅಪ್ಪನ ಸ್ಕೂಟರು ನಿಂತ ಜಾಗಗಳು

ಡೊಂಬಿವಲಿ ಪೂರ್ವ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಕಿಟ್ಟಿ,

ಹೇಗಿದ್ದೀಯೋ? ಬೆನ್ನುನೋವು ಹೋಯಿತೇ? ಹಡಗಿನ ಅಡುಗೆಯವನು ಅನ್ನವನ್ನು ಅಂಟು ಮಾಡಿಬಿಡುತ್ತಾನೆ ಎಂದು ಬರೆದಿದ್ದೆಯಲ್ಲ, ಈಗಲಾದರೂ ತಿನ್ನುವ ಹಾಗೆ ಮಾಡುತ್ತಿದ್ದಾನೆಯೇ? ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ಹಡಗು ಡರ್ಬನ್ ಬಿಟ್ಟಿತು ಎಂದು ನೀನು ತಿಳಿಸಿದ್ದೇ ಕೊನೆ, ಆಮೇಲೆ ನಾನು ಕಳಿಸಿದ ಸಂದೇಶಗಳೆಲ್ಲ ಒಂದೇ ಟಿಕ್ ಹಾಕಿಕೊಂಡು ಕೂತಿವೆ. ಬೇಲಾಪುರದ ನಿಮ್ಮ ಕಂಪನಿಯ ಆಫೀಸಿಗೆ ಹೋಗಿ ವಿಚಾರಿಸಿದೆ. ಹಡಗಿನ ಇಂಟರ್‌ನೆಟ್ ಕೆಟ್ಟಿದೆ, ಬೇರೇನೂ ಇಲ್ಲ ಎಂದರು. ಸಿಂಗಾಪುರದಲ್ಲಿ ಹೊಸ ಸಿಬ್ಬಂದಿ ಹತ್ತುತ್ತಾರಂತೆ, ಕಾಗದ ಕೊಟ್ಟರೆ ಅವರ ಕೈಯಲ್ಲಿ ಕಳಿಸುತ್ತಾರಂತೆ. ನಾಳೆ ಬೆಳಿಗ್ಗೆ ಇದನ್ನು ಕೊಟ್ಟು ಬರುತ್ತೇನೆ. ಎಷ್ಟೋ ವರ್ಷಗಳ ಮೇಲೆ ನಿನಗೆ ಕಾಗದ ಬರೆಯಲು ಕೂತಿದ್ದೇನೆ, ಮೊದಲ ಸಾಲಿಗೇ ಪೆನ್ನು ಕೈಕೊಟ್ಟಿತು. ಇಂಚರಳ ಪೆನ್ನು ಇಸಿದುಕೊಂಡು ಬರೆಯುತ್ತಿದ್ದೇನೆ.

ಅವಳ ಮದುವೆ ಮಾಘದಲ್ಲೇ, ನಿನಗೆ ಹೇಳಿದ್ದ ದಿನವೇ. ಹಾಲ್ ಠಾಣೆಯಲ್ಲಿ ಸಿಕ್ಕಿತು. ಹುಡುಗನ ಮನೆಯವರು ಎಲ್ಲದಕ್ಕೂ ಸರಿ ಎನ್ನುವ ಜನ, ಒಮ್ಮೊಮ್ಮೆ ಅದೇ ಭಯವಾಗುತ್ತದೆ. ನಿನ್ನ ಭಾವ ಎಂದಿನಂತೆ ಎಲ್ಲಕ್ಕೂ "ನೋಡೋಣ" ಎನ್ನುತ್ತಾರೆ. ಸೋದರಮಾವನಾಗಿ ನೀನೇ ಇಂಚರಳನ್ನು ಮಂಟಪಕ್ಕೆ ಕರೆತರಬೇಕು. ಅಷ್ಟರೊಳಗೆ ಹಡಗು ಇಳಿಯಲು ರಜೆ ಸಿಗುತ್ತದೆಯೇ ಎನ್ನುವುದೇ ನನ್ನ ಮೊದಲ ಪ್ರಶ್ನೆ. ಎರಡನೆಯದು ಅಪ್ಪನದು. ಅದನ್ನು ಫೋನಿನಲ್ಲಿ ಹೇಳುವುದೂ ಕಷ್ಟವೇ ಆಗುತ್ತಿತ್ತು. ಅಪ್ಪನ ಸ್ಕೂಟರಿನ ಕೀಲಿ ಕಿತ್ತುಕೊಳ್ಳಬೇಕೇ ಬೇಡವೇ, ನನಗೆ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ಓದಿ ನೀನು ಹೇಳು.

ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ಇಂಚರ, "ತಾತಾ, ಸಬ್‌ಕೋ ಪಿಡಿಎಫ್ ಭೇಜ್ ದೋ ನಾ, ಕ್ಯೂಂ ಘೂಮ್‌ನಾ ಹೈ?" ಎಂದಳು. ನಮ್ಮ ಮಗಳು ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ನಿನಗೆ ಗೊತ್ತಲ್ಲ. ಅಪ್ಪ ಕನ್ನಡಕದ ಮೇಲಿನಿಂದ ನೋಡಿ, "ಪಿಡಿಎಫ್‌ಗೆ ಕುಂಕುಮ ಎಲ್ಲಿ ಹಚ್ಚಲಿ, ನಿನ್ನ ಫೋನಿನ ಗಾಜಿಗಾ?" ಎಂದರು. ಮನೆ ಬಾಗಿಲಿಗೆ ಹೋಗಿ, ಅಕ್ಷತೆ ಕೊಟ್ಟು, ಬಾಯಿಬಿಟ್ಟು ಕರೆಯದಿದ್ದರೆ ಅದು ಕರೆದ ಹಾಗಲ್ಲ ಎನ್ನುವುದು ಅವರ ಹಟ. ಎಪ್ಪತ್ತನಾಲ್ಕು ವಯಸ್ಸು, ಶೀಲ್‌ಫಾಟಾ ರಸ್ತೆಯಲ್ಲಿ ಟ್ರಕ್ಕುಗಳ ನಡುವೆ ಸ್ಕೂಟರು. ರಿಕ್ಷಾದಲ್ಲಿ ಹೋಗಿ ಎಂದರೆ, "ನವಿ ಮುಂಬಯಿಯ ಸೆಕ್ಟರುಗಳಿಗೆ ನಂಬರು ಹಾಕಿದಾಗ ಆ ಆಫೀಸಿನಲ್ಲಿ ನಾನಿದ್ದೆ, ನನಗೆ ರಿಕ್ಷಾದವನು ದಾರಿ ತೋರಿಸಬೇಕಾ?" ಎಂದು ಕೇಳಿದರು. ಹೋದ ತಿಂಗಳು ಪನವೇಲ್ ಕಡೆಗೆ ಹೋದವರು ಊಟದ ಹೊತ್ತು ಕಳೆದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಪಂಕ್ಚರ್ ಆಗಿತ್ತು ಎಂದರು. ಆವತ್ತೇ ನಾನು ತೀರ್ಮಾನ ಮಾಡಿದೆ. ಹೋಗುವುದಾದರೆ ಸ್ಕೂಟರಿಗೆ ಜಿಪಿಎಸ್ ಹಾಕಿಸಿಯೇ ಹೋಗಬೇಕು.

ಎಂಐಡಿಸಿ ರಸ್ತೆಯ ಸಾವಂತನ ಗ್ಯಾರೇಜಿನಲ್ಲಿ ಹಾಕಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಪ್ಪು ಡಬ್ಬಿ, ಒಳಗೆ ಒಂದು ಸಿಮ್. ಮೊದಲು ಸೀಟಿನ ಕೆಳಗೆ ಅಂಟಿಸಿ ನೋಡಿದ. ನನ್ನ ಫೋನಿನ ನಕ್ಷೆಯಲ್ಲಿ ಸ್ಕೂಟರು ಗ್ಯಾರೇಜು ಬಿಟ್ಟು ಎದುರಿನ ಕಾರ್ಖಾನೆಯ ಮೇಲೆ ಕುಣಿಯತೊಡಗಿತು. "ತಾಈ, ಊಪರ್ ಲೋಹಾ ಆಯಾ ತೋ ಯೇ ಭಟಕ್‌ತಾ ಹೈ" ಎಂದು ಹೇಳಿ, ಮೇಲೆ ಕಬ್ಬಿಣ ಅಡ್ಡ ಬರದ ಹಾಗೆ ಮುಂದಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿ, ಅದರೊಳಗೆ ಡಬ್ಬಿಯನ್ನು ಆಕಾಶದ ಕಡೆ ಮುಖ ಮಾಡಿ ಕಟ್ಟಿದ. ಕೆಂಪು ವೈರು ಬ್ಯಾಟರಿಗೆ, ಕಪ್ಪು ವೈರು ಗಾಡಿಯ ಮೈಗೆ, ಇನ್ನೊಂದು ಕೀಲಿಗೆ. ಕೀಲಿ ತಿರುಗಿಸಿದರೆ ನನ್ನ ಫೋನಿನಲ್ಲಿ ಚುಕ್ಕಿ ಹಸಿರಾಗುತ್ತದೆ, ಆಫ್ ಮಾಡಿದರೆ ಕೆಂಪು. ಫೋನಿನಿಂದಲೇ ಎಂಜಿನ್ ನಿಲ್ಲಿಸುವ ವೈರೂ ಇದೆ, ಕಳ್ಳತನಕ್ಕೆ ಒಳ್ಳೆಯದು, ಜೋಡಿಸಲೇ ಎಂದು ಕೇಳಿದ. ಓಡುತ್ತಿರುವ ಗಾಡಿ ಟ್ರಕ್ಕಿನ ಮುಂದೆ ನಿಂತರೆ ಗತಿಯೇನು ಎಂದು ಬೇಡವೆಂದೆ. ಅಪ್ಪ ಇಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. "ನಾಯಿಗೆ ಬಿಲ್ಲೆ ಕಟ್ಟಿದ ಹಾಗಾಯ್ತು" ಎಂದರು. ಆಮೇಲೆ ಎದ್ದು ಹತ್ತಿರ ಬಂದು, "ನಾನು ಎಲ್ಲಿದೀನಿ ಅಂತ ಹೇಳುತ್ತೆ, ಸರಿ. ಯಾರ ಜೊತೆ ಇದೀನಿ ಅಂತಾನೂ ಹೇಳುತ್ತಾ?" ಎಂದು ಕೇಳಿದರು. ಸಾವಂತನಿಗೆ ಹಿಂದಿಯಲ್ಲಿ ಹೇಳಿದೆ, ಇಬ್ಬರೂ ನಕ್ಕೆವು.

ಮೊದಲ ಕೆಲವು ದಿನ ಎಲ್ಲ ಸರಿಯಾಗಿತ್ತು. ಚುಕ್ಕಿ ಹೋಗುವ ದಾರಿ, ನಿಲ್ಲುವ ಮನೆ, ಸಂಜೆ ಅಪ್ಪ ಒಪ್ಪಿಸುವ ವರದಿ, ಮೂರೂ ತಾಳೆಯಾಗುತ್ತಿದ್ದವು. ಒಂದು ದಿನ ಅದು ಕಲ್ಯಾಣ ಸ್ಟೇಷನ್ ಹತ್ತಿರ ಬಹಳ ಹೊತ್ತು ಕೆಂಪಾಗಿ ನಿಂತಿತು. ಸಂಜೆ ಅಪ್ಪ ಕಾಫಿ ಕುಡಿಯುತ್ತ, "ದೇಜಪ್ಪ ಬರ್ತಾನಂತೆ ಕಣೇ. ಬರದೆ ಉಂಟಾ ಮಾರಾಯ್ರೆ, ಆದ್ರೆ ಸಾರಿಗೆ ಚೂರು ಬೆಲ್ಲ ಹಾಕ್ಲಿಕ್ಕೆ ಹೇಳಿ, ನಿಮ್ಮ ಮೈಸೂರಿನ ಖಾರ ನನಗೆ ಆಗುದಿಲ್ಲ ಅಂದ" ಎಂದು ಅವನ ದನಿಯಲ್ಲೇ ಹೇಳಿದರು. ದೇಜಪ್ಪ ನಿನಗೆ ಮರೆತಿರಲಾರ. ಕಲ್ಯಾಣದಲ್ಲಿ ಹೋಟೆಲು ಇಟ್ಟಿದ್ದ, ಶಾಲೆ ಬಿಟ್ಟು ಬಂದಾಗ ನಮ್ಮಿಬ್ಬರಿಗೆ ಗೋಳಿಬಜೆ ಕಟ್ಟಿಕೊಡುತ್ತಿದ್ದ. ಕೊರೊನಾದ ಎರಡನೆಯ ಅಲೆಯಲ್ಲಿ ಹೋದ. ಆ ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಇಂಚರ ನನ್ನ ಮುಖ ನೋಡಿ ಮೆಲ್ಲಗೆ, "ಮಮ್ಮೀ, ದೇಜಪ್ಪ ಅಂಕಲ್ ತೋ ಗಯೇ ನಾ?" ಎಂದಳು. ಅಪ್ಪ ಕೇಳಿಸಿಕೊಂಡೇ ಲೋಟ ತೊಳೆದಿಟ್ಟು ಪೇಪರ್ ಹಿಡಿದು ಕೂತರು.

ನಾನು ಹೆದರಿ ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮರೆವಿನ ಕಾಯಿಲೆ ಇದ್ದರೆ ಈಗಲೇ ಗೊತ್ತಾಗಲಿ ಎಂದು. ಡಾಕ್ಟರು ತಾರೀಖು ಕೇಳಿದರು, ವಾರ ಕೇಳಿದರು, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಅಪ್ಪ ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ, "ನಿಮ್ಮ ಗೋಡೆಯ ಕ್ಯಾಲೆಂಡರು ಇನ್ನೂ ಡಿಸೆಂಬರಿನಲ್ಲೇ ಇದೆ, ಅದನ್ನೂ ಸ್ವಲ್ಪ ಪರೀಕ್ಷೆ ಮಾಡಿ" ಎಂದು ಮರಾಠಿಯಲ್ಲಿ ಹೇಳಿ ಅವರನ್ನೇ ನಗಿಸಿದರು. ಡಾಕ್ಟರು ನನ್ನ ಕಡೆ ನೋಡಿ, ನಾನು ಮೊದಲೇ ಹೇಳಿಟ್ಟಿದ್ದ ದೇಜಪ್ಪನ ಮಾತನ್ನು ನೇರವಾಗಿ ತೆಗೆದರು. ಅವರು ಬದುಕಿದ್ದಾರೆಯೇ ಎಂದು ಕೇಳಿದರು. ಅಪ್ಪ ಕೂಡಲೇ, "ಇಲ್ಲ. ನಾನು ಆಸ್ಪತ್ರೆಯ ಗೇಟಿನ ತನಕ ಹೋಗಿದ್ದೆ, ಒಳಗೆ ಬಿಡಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಡಿಗೆ ಹಾಕಿದ್ದನ್ನ ರಸ್ತೆಯ ಈಚೆ ಬದಿಯಿಂದ ನೋಡಿದೆ" ಎಂದರು. ಮತ್ತೆ ಯಾರನ್ನು ಕರೆದು ಬಂದಿರಿ ಎಂದರೆ, "ಅವನನ್ನೇ" ಎಂದರು.

ಮನೆಗೆ ಬಂದ ಮೇಲೆ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ. "ವೇದಾ, ಮದುವೆಗೆ ಮುಂಚೆ ನಾಂದಿ ಇಡ್ತೀವಲ್ಲ. ನಮ್ಮಪ್ಪ, ಅವರಪ್ಪ, ನಮ್ಮಮ್ಮ, ನಿಮ್ಮಮ್ಮ, ಎಲ್ಲರನ್ನೂ ಹೆಸರು ಹಿಡಿದು ಪುರೋಹಿತ ಕರೀತಾನೆ. ಅವರು ಬಂದು ಹರಸಿ ಹೋಗ್ತಾರೆ ಅಂತ ತಾನೇ ನಂಬಿಕೆ? ಗೋತ್ರದವರಿಗೆ ಆ ವ್ಯವಸ್ಥೆ ಇದೆ. ಸ್ನೇಹಿತರನ್ನ ಯಾರು ಕರೀಬೇಕು? ನೀನು ಹುಟ್ಟಿದಾಗ ಆಸ್ಪತ್ರೆಗೆ ಊಟ ಹೊತ್ತು ತಂದವನು ದೇಜಪ್ಪ. ಹೋಗಿಬಿಟ್ಟಿದಾನೆ ಅಂತ ಕರೆಯದೆ ಬಿಟ್ಟುಬಿಡಲಾ?" ಹಾಗಾದರೆ ದೇಜಪ್ಪ ಮಾತಾಡಿದ ಎನ್ನುವುದು? ಎಂದು ಕೇಳಿದೆ. "ಕರೆದರೆ ಮಾತಾಡ್ತಾರೆ. ಯಾರೂ ಕರೆಯೋದಿಲ್ಲ, ಅಷ್ಟೆ" ಎಂದರು. ಜೋರೂ ಇಲ್ಲ, ಕಣ್ಣಲ್ಲಿ ನೀರೂ ಇಲ್ಲ, ಕರೆಂಟು ಬಿಲ್ಲಿನ ವಿಚಾರ ಹೇಳುವ ದನಿ. ಅದೇ ನನ್ನನ್ನು ಹೆಚ್ಚು ಕಾಡಿತು.

ಆಮೇಲೆ ಕಾಮೋಠೆ. ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ವಿಜಯಪುರದ ಮಾಪಣ್ಣ, ಕನ್ನಡ ಸಂಘದ ಊಟಕ್ಕೆಲ್ಲ ಜೋಳದ ಹಿಟ್ಟು ಕಳಿಸುತ್ತಿದ್ದರಲ್ಲ, ಅವರು. ಎದೆನೋವು ಬಂದು ತೀರಿಕೊಂಡು ಬಹಳ ದಿನವಾಯಿತು. ಮಕ್ಕಳು ಊರು ಸೇರಿದ್ದಾರೆ, ಗಿರಣಿಯ ಶಟರು ಎಳೆದೇ ಇದೆ. ಆವತ್ತು ಮಧ್ಯಾಹ್ನ ಅನ್ನಕ್ಕಿಟ್ಟು ನಾನು ಫೋನು ನೋಡುತ್ತಾ ನಿಂತೆ. ಚುಕ್ಕಿ ಆ ಶಟರಿನ ಮುಂದೆ ಕೆಂಪಾಗಿ ನಿಂತದ್ದು ಕದಲಲಿಲ್ಲ, ಅನ್ನ ತಳ ಹಿಡಿಯಿತು. ಮುಚ್ಚಿದ ಅಂಗಡಿಯ ಮುಂದೆ ಒಬ್ಬ ಮುದುಕ ಅಷ್ಟು ಹೊತ್ತು ಏನು ಮಾಡುತ್ತಾನೆ? ಬಂದವರು, "ಮಾಪಣ್ಣ ಬಿಡಲಿಲ್ಲ, ಕೂತು ಮಾತಾಡಿದ್ವಿ. ಬರಲಾರದ ಹ್ಯಾಂಗ ಇರ್ತೀನ್ರೀ ರಾಯರ, ಆದ್ರ ಬಫೆ ಅಂತ ನಿಲ್ಲಿಸಿಗಿಲ್ಲಿಸೀರಿ ಮತ್ತ, ಕುಂತು ಉಣ್ಣಾಂವ ನಾ ಅಂದ" ಎಂದರು. ಕಿಟ್ಟಿ, ನಮ್ಮದು ಬಫೆಯೇ. ಅದನ್ನು ಹಿಂದಿನ ರಾತ್ರಿಯಷ್ಟೇ ನಾನೂ ನಿನ್ನ ಭಾವನೂ ಸೇರಿ ಗೊತ್ತು ಮಾಡಿದ್ದೆವು. ಅಪ್ಪನಿಗೆ ಹೇಳಿರಲಿಲ್ಲ. ನಾವು ಮಾತಾಡಿದ್ದು ಕೇಳಿಸಿರಬಹುದು, ಗೋಡೆ ತೆಳು. ಹಾಗೆಂದುಕೊಂಡೆ. ಮರುದಿನ ಅಡುಗೆಯವರಿಗೆ ಫೋನು ಮಾಡಿ ಮೊದಲ ಪಂಕ್ತಿಗೆ ಮಾತ್ರ ಮೇಜು, ಎಲೆ ಹಾಕಿ ಎಂದೆ. ಯಾಕೆಂದು ಇಂಚರ ಕೇಳಿದಳು. ಹಿರಿಯರಿಗೆ ಎಂದೆ. ಸುಳ್ಳೇನಲ್ಲವಲ್ಲ.

ಮೂರನೆಯ ಸಲ ನಾನೂ ಜೊತೆಗೆ ಬರುತ್ತೇನೆ ಎಂದು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತೆ. "ಚುಕ್ಕಿ ಸಾಲಲಿಲ್ಲವಾ?" ಎಂದು ಅಪ್ಪ ಛೇಡಿಸಿದರು. ಹೋದದ್ದು ಠಾಣೆಗೆ, ಲೋಲಾಕ್ಷಿ ಆಂಟಿಯ ಮನೆಗೆ. ಅಮ್ಮನ ಗೆಳತಿ, ಅಮ್ಮ ಹೋದ ಮರುವರ್ಷವೇ ಅವರೂ ಹೋದರು. ಅವರ ಕಟ್ಟಡವೇ ಈಗ ಇಲ್ಲ. ಹೊಸದು ಕಟ್ಟುತ್ತೇವೆಂದು ಕೆಡವಿ ಸುತ್ತಲೂ ನೀಲಿ ತಗಡು ಹೊಡೆದಿದ್ದಾರೆ. ಅಪ್ಪ ಗೇಟು ಇದ್ದ ಜಾಗದಲ್ಲೇ ಸರಿಯಾಗಿ ಸ್ಕೂಟರು ನಿಲ್ಲಿಸಿದರು, ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡರು, ಲಗ್ನಪತ್ರಿಕೆಯ ಮೂಲೆಗೆ ಕುಂಕುಮ ಹಚ್ಚಿ ಎರಡು ತಗಡುಗಳ ಸಂದಿನಲ್ಲಿ ಸಿಕ್ಕಿಸಿದರು. ನಾಲ್ಕು ಕಾಳು ಅಕ್ಷತೆ ಹಾಕಿ, "ಲೋಲಾಕ್ಷಿಯೋರೆ, ಮೊಮ್ಮಗಳ ಮದುವೆ. ನನ್ನವಳು ಇಲ್ಲ, ಅದಕ್ಕೆ ನಾನು ಬಂದೆ" ಎಂದರು. ಆಮೇಲೆ ಸುಮ್ಮನೆ ತಲೆಯಾಡಿಸುತ್ತಾ ನಿಂತರು. "ಹೂಂ... ಹೌದಾ... ಇಲ್ಲ, ನನಗೆ ಗೊತ್ತಿರಲಿಲ್ಲ." ಬಿಸಿಲು ಚುರುಕಾಗಿತ್ತು, ಪಕ್ಕದಲ್ಲಿ ಬಸ್ಸು ಹೋಗುತ್ತಿತ್ತು. ನನಗೆ ಅಪ್ಪನ ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ವಾಚ್‌ಮನ್ ನನ್ನ ಹತ್ತಿರ ಬಂದು, "ಮ್ಯಾಡಮ್, ಅಂದರ್ ಆಪ್‌ಕಾ ಕೋಯೀ ರಹ್ತಾ ಹೈ ಕ್ಯಾ? ಲೇಡೀಸ್ ಕಾ ಆವಾಜ್ ಆತಾ ಹೈ" ಎಂದ. ತಗಡಿನ ಒಳಗೆ ಕಟ್ಟಡದ ಕೆಲಸದವರ ಸಂಸಾರಗಳಿವೆ. ಸೀರೆಗಳು ಒಣಗುತ್ತಿದ್ದುದನ್ನು ನಾನೇ ನೋಡಿದೆ. ಹೆಂಗಸಿನ ದನಿ ಕೇಳಿದ್ದರಲ್ಲಿ ವಿಶೇಷವೇನೂ ಇಲ್ಲ.

ಬರುವಾಗ ಮುಂಬ್ರಾ ಬೈಪಾಸಿನಲ್ಲಿ ಗಾಳಿಗೆ ಕತ್ತು ತಿರುಗಿಸಿ ಅಪ್ಪ, "ನಿಮ್ಮಮ್ಮನ ಬೆಳ್ಳಿ ಕುಂಕುಮದ ಭರಣಿ ಅಪರ್ಣಾ ಹತ್ರ ಇದೆಯಂತೆ, ಅಟ್ಟದಲ್ಲಿ. ಮದುವೆಗೆ ಬೇಕಾಗುತ್ತೆ, ಇಸ್ಕೋ ಅಂದ್ರು" ಎಂದು ಕೂಗಿದರು. ಆ ಭರಣಿಗಾಗಿ ನಾವು ಎಷ್ಟು ಹುಡುಕಿದ್ದೇವೆ, ನೆನಪಿದೆಯಲ್ಲ? ಅಮ್ಮನ ಹದಿಮೂರನೆಯ ದಿನ ನೀನೇ ಕಪಾಟೆಲ್ಲ ಬಿಚ್ಚಿ ಹಾಕಿದ್ದೆ. ಅಪರ್ಣಾ ಲೋಲಾಕ್ಷಿ ಆಂಟಿಯ ಸೊಸೆ, ಘೋಡ್‌ಬಂದರ್ ರಸ್ತೆಯಲ್ಲಿದ್ದಾಳೆ. ಏನು ಹೇಳಿ ಕೇಳುವುದೆಂದು ಎರಡು ದಿನ ಯೋಚಿಸಿದೆ, ಕೊನೆಗೆ ಸುಮ್ಮನೆ ಕೇಳಿಬಿಟ್ಟೆ. ಇಲ್ಲವಲ್ಲ ಅಕ್ಕಾ ಎಂದವಳು ಸಂಜೆ ತಾನೇ ಫೋನು ಮಾಡಿದಳು. ಅತ್ತೆಯ ಹಳೆಯ ಟ್ರಂಕಿನಲ್ಲಿ, ಸೀರೆಯಲ್ಲಿ ಸುತ್ತಿಟ್ಟದ್ದು ಸಿಕ್ಕಿತಂತೆ. ಟ್ರಂಕು ಅಟ್ಟದಲ್ಲೇ ಇತ್ತು. ಭರಣಿ ಈಗ ನನ್ನ ಮುಂದೆ, ಮೇಜಿನ ಮೇಲೆ ಇದೆ. ಅಮ್ಮ ಯಾವಾಗಲೋ ಅದನ್ನು ಕೊಟ್ಟಾಗ ಅಪ್ಪ ಅಲ್ಲೇ ಇದ್ದಿರಬಹುದು, ಮರೆತದ್ದು ಈಗ ನೆನಪಾಗಿ ಬೇರೆಯವರ ಬಾಯಲ್ಲಿ ಕೇಳಿದ ಹಾಗೆ ಅನಿಸಿರಬಹುದು. ಹಾಗಾಗುತ್ತದೆ ಎಂದು ಫೋನಿನಲ್ಲಿ ಡಾಕ್ಟರೂ ಹೇಳಿದರು. ನಾನೂ ಅದನ್ನೇ ನಂಬಿದ್ದೇನೆ. ಆದರೆ ಭರಣಿಗೆ ಕುಂಕುಮ ತುಂಬಲು ಇನ್ನೂ ಕೈ ಬರುತ್ತಿಲ್ಲ.

ನಿನ್ನ ಭಾವ ಕೀಲಿ ಬಚ್ಚಿಡು ಎನ್ನುತ್ತಾರೆ. ಸಾವಂತನನ್ನು ಕರೆಸಿ ಎಂಜಿನ್ ನಿಲ್ಲಿಸುವ ವೈರು ಹಾಕಿಸಿಬಿಡಲೇ ಎಂದು ಒಂದು ಸಲ ನನಗೂ ಅನಿಸಿತ್ತು, ಮನೆಯಿಂದ ಹೊರಡುವ ಮುಂಚೆಯೇ ನಿಲ್ಲಿಸಿದರೆ ಅಪಾಯವಿಲ್ಲವಲ್ಲ ಎಂದು. ಕೆಟ್ಟು ನಿಂತ ಗಾಡಿಯನ್ನು ಅಪ್ಪ ಕೆಳಗೆ ಒಬ್ಬರೇ ಒದೆಯುತ್ತಾ ನಿಲ್ಲುವುದು ಕಣ್ಣಿಗೆ ಬಂತು, ಬಿಟ್ಟೆ. ಗಾಡಿಯನ್ನು ಅವರು ಚೆನ್ನಾಗಿಯೇ ಓಡಿಸುತ್ತಾರೆ ಕಣೋ, ಹಿಂದೆ ಕೂತು ನೋಡಿದೆನಲ್ಲ. ಸಿಗ್ನಲ್ ಹಾರಿಸುವುದಿಲ್ಲ, ಕನ್ನಡಿ ನೋಡದೆ ತಿರುಗಿಸುವುದಿಲ್ಲ. ತಪ್ಪು ಅಂತ ಹೇಳಲು ನನ್ನ ಕೈಗೆ ಒಂದೂ ಸಿಗುವುದಿಲ್ಲ. ನೀನಿದ್ದಿದ್ದರೆ ಏನಾದರೂ ತಮಾಷೆ ಮಾಡಿ ಅವರನ್ನು ಮನೆಯಲ್ಲಿ ಕೂರಿಸುತ್ತಿದ್ದೆ. ನನಗೆ ಅದು ಬರುವುದಿಲ್ಲ, ನಾನು ಬರೀ ಪ್ರಶ್ನೆ ಕೇಳುತ್ತೇನೆ. ಇವತ್ತು ಊಟ ಮಾಡಿ ಮತ್ತೆ ಹೊರಟರು. ಯಾರ ಮನೆಗೆ ಎಂದರೆ, "ಇದೊಂದು ಕೊಟ್ಟರೆ ಮುಗೀತು" ಎಂದರು. ಬರೆಯುತ್ತಾ ಆಗಾಗ ನೋಡುತ್ತಿದ್ದೇನೆ, ಚುಕ್ಕಿ ಹಸಿರಾಗಿದೆ, ಶೀಲ್‌ಫಾಟಾ ದಾಟಿ ಬೇಲಾಪುರದ ಕಡೆ ಹೋಗುತ್ತಿದೆ. ಹಳೆಯ ಆಫೀಸಿನವರು ಯಾರಾದರೂ ಇರಬೇಕು.

ಮುಗಿಸುತ್ತೇನೆ, ದೀಪ ಹಚ್ಚಬೇಕು. ಡೆಕ್ಕಿನ ಮೇಲೆ ಹೋಗುವಾಗ ಹುಷಾರು. ತಣ್ಣೀರು ಸ್ನಾನ ಬೇಡ. ಸಿಂಗಾಪುರ ಮುಟ್ಟಿದ ದಿನ ಒಳ್ಳೆಯ ಕಡೆ ಊಟ ಮಾಡು. ಇಂಚರ ಮಾಮನಿಗೆ ನಮಸ್ಕಾರ ಹೇಳಿದ್ದಾಳೆ, ಸೋದರಮಾವನ ಉಡುಗೊರೆ ಎಂದು ಎಲೆಕ್ಟ್ರಿಕ್ ಸ್ಕೂಟರಿನ ಚಿತ್ರ ತೋರಿಸುತ್ತಿದ್ದಾಳೆ, ಸಿದ್ಧನಾಗಿರು. ನೀನು ಎಲ್ಲಿದ್ದರೂ ಅಮ್ಮನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ದಾರಿ ನೋಡುತ್ತಿರುವ ಅಕ್ಕ,
ವೇದಾ

ಮತ್ತೆ: ಲಕೋಟೆ ಅಂಟಿಸುವಾಗ ಅಪ್ಪ ಬಂದರು, ಬಿಚ್ಚಿ ಬರೆಯುತ್ತಿದ್ದೇನೆ. ಸ್ಕೂಟರು ಬೇಲಾಪುರದಲ್ಲಿ ಕಡಲ ನೀರು ಒಳನುಗ್ಗುವ ಖಾಡಿಯ ದಂಡೆಗೆ, ದೋಣಿ ನಿಲ್ಲುವ ಜೆಟ್ಟಿಗೆ ಹೋಗಿ ನಿಂತಿತ್ತು. ಅಲ್ಲಿ ನಮ್ಮವರು ಯಾರೂ ಇಲ್ಲ. ಯಾರಿಗೆ ಕೊಟ್ಟಿರಿ ಎಂದು ಕೇಳಿದೆ. ಚಪ್ಪಲಿ ಬಿಡುತ್ತಾ, "ಕಿಟ್ಟಿಗೆ. ಬರ್ತೀನಿ ಅಂದ. ತಲೆಯೆಲ್ಲ ಒದ್ದೆ ಇತ್ತು, ಒರಸ್ಕೊಳೋ ಅಂದೆ" ಎಂದು ಹೇಳಿ ಕೈಕಾಲು ತೊಳೆಯಲು ಹೋದರು. ಕಿಟ್ಟಿ, ಇದು ಕೈ ಸೇರಿದ ತಕ್ಷಣ ಯಾರ ಫೋನಿನಿಂದಾದರೂ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಮದುವೆಗೆ ಬರಲಾಗದಿದ್ದರೂ ಬೇಡ, ರಜೆ ಸಿಗದಿದ್ದರೂ ಬೇಡ. ಒಂದು ಸಲ "ಅಕ್ಕಾ" ಅನ್ನು, ಸಾಕು.